ನೀರಿನ ಮೂತಿಯ ಜೊತೆ ಬರುತ್ತಿದ್ದ ಅತಾವುಲ್ಲಾ

ಅತಾವುಲ್ಲಾನನ್ನು ನಾನು ಮೊದಲು ನೋಡಿದ ದಿನ ಅವನು ನನ್ನ ಮೈದುನ ಗುರುಶಾಂತನನ್ನು ಸೈಕಲ್ ಪಂಪಿನಿಂದ ಹೊಡೆಯುತ್ತಿದ್ದ. ನಮ್ಮ ಹೊಲಕ್ಕಿಂತ ಮೇಲಿನ ತೂಬಿನ ಹತ್ತಿರ, ಕಾಲುವೆಯ ಏರಿಯ ಮೇಲೆ. ಗುರುಶಾಂತನ ಮೂಗು ಒಡೆದು ಅಂಗಿಯ ಎದೆಯೆಲ್ಲ ರಕ್ತವಾಗಿತ್ತು. ನಾನು ಕಳೆ ತೆಗೆಯುತ್ತಿದ್ದವಳು ಕುಡುಗೋಲು ಹಿಡಿದೇ ಓಡಿದೆ.

"ಯಾಂವಲೇ ನೀನು? ಕೈ ತಗಿ."

"ಹೊಸಾ ಸೌಡಿ ಅದೀನ್ರಿ. ಇಂವ ನಿಮ್ಮಾಂವ ಏನು?"

"ನನ್ನ ಮೈದುನ."

"ನಿಮ್ಮ ಹೊಲ ಎಲ್ಲೈತಿ?"

ಕಾಲುವೆಯ ಕಟ್ಟಕಡೆಗೆ ಕೈ ತೋರಿಸಿದೆ.

"ಹಂಗಾರ ಇಂವ ಕದ್ದಿದ್ದು ನಿಮ್ಮ ನೀರ್ರಿ. ಈಗ ಹೇಳ್ರಿ, ಕೈ ತಗೀಲೋ, ಇನ್ನೆರಡು ಹಾಕಲೋ?"

ಆಗ ನೋಡಿದೆ. ತೂಬಿನ ಹಲಗೆಯ ಕೆಳಗೆ ಹಾರೆ ಕೊಟ್ಟು ಎತ್ತಿಟ್ಟಿತ್ತು. ನೀರು ಗುರುಶಾಂತನ ಶೇಂಗಾದ ಹೊಲಕ್ಕೆ ಹರಿಯುತ್ತಿತ್ತು. ಅವತ್ತು ಪಾಳಿ ನನ್ನದು. ನಾನು ಕುಡುಗೋಲು ಕೆಳಗಿಳಿಸಿದೆ. ಅತಾವುಲ್ಲಾ ಇನ್ನೆರಡು ಹಾಕಿದ.

ಕಾಲುವೆಯ ನೀರನ್ನು ಪಾಳಿಯ ಪ್ರಕಾರ ಬಿಟ್ಟು ತೂಬು ಕಾಯುವವನಿಗೆ ನಮ್ಮಲ್ಲಿ ಸೌಡಿ ಎನ್ನುತ್ತಾರೆ. ಅವನಿಗಿಂತ ಹಿಂದಿನ ಸೌಡಿಯನ್ನು ಮೇಲಿನ ಹೊಲದವರು ಜಾಲಿಮರಕ್ಕೆ ಕಟ್ಟಿ ಹೊಡೆದಿದ್ದರು. ಅವನು ಕೆಲಸ ಬಿಟ್ಟು ಓಡಿಹೋದ. ಆ ಜಾಗಕ್ಕೆ ಯಾರೂ ಬರದಿದ್ದಾಗ ಬಂದವನು ಅತಾವುಲ್ಲಾ. ಕೊಟ್ಟೂರಿನವನು. ಅಪ್ಪ ರಾಜಾಸಾಬನದು ಸೈಕಲ್ ರಿಪೇರಿ ಅಂಗಡಿ. ಹುಡುಗನಾಗಿದ್ದಾಗ ಹರಪನಹಳ್ಳಿ, ಹಡಗಲಿ ಎಂದು ಎಲ್ಲಿ ಸೈಕಲ್ ರೇಸ್ ಇದ್ದರೂ ಹೋಗುತ್ತಿದ್ದನಂತೆ. ಅವನ ಸೈಕಲ್ಲಿಗೆ ಮಡ್‌ಗಾರ್ಡ್ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ, ಸ್ಟ್ಯಾಂಡೂ ಇರಲಿಲ್ಲ. ಹ್ಯಾಂಡಲನ್ನು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಗ್ಗಿಸಿದ್ದ. ದೊಡ್ಡ ತೂಬು ತಿರುಗಿಸುವ ಕಬ್ಬಿಣದ ಕೀಲಿಯನ್ನು ನಡುವಿನ ಕೊಳವೆಗೆ ರಬ್ಬರಿನಿಂದ ಬಿಗಿದಿದ್ದ.

ನೀರು ಬಿಟ್ಟ ದಿನ ಅವನ ಕೆಲಸ ನೋಡಬೇಕು. ಒಣಗಿದ ಕಾಲುವೆಯಲ್ಲಿ ಮೊದಲ ನೀರು ಸುಮ್ಮನೆ ಬರುವುದಿಲ್ಲ. ಕಸ, ಜಾಲಿಕಾಯಿ, ಸತ್ತ ಇಲಿ, ಬದುಕಿದ ಚೇಳು ಎಲ್ಲವನ್ನೂ ಮುಂದೆ ತಳ್ಳಿಕೊಂಡು, ಮನುಷ್ಯ ನಡೆದಷ್ಟೇ ಮೆಲ್ಲಗೆ ಬರುತ್ತದೆ. ಆ ಮುಂಭಾಗಕ್ಕೆ ನಾವು ನೀರಿನ ಮೂತಿ ಎನ್ನುತ್ತೇವೆ. ಅತಾವುಲ್ಲಾ ಮೂತಿಯ ಪಕ್ಕದಲ್ಲೇ ಏರಿಯ ಮೇಲೆ ಬರುತ್ತಿದ್ದ. ಮೂತಿ ಸೊರಗಿತೆಂದರೆ ಹಿಂದೆ ಯಾರೋ ಕಳ್ಳತನದಿಂದ ತೂಬು ಎತ್ತಿದರೆಂದು ಅರ್ಥ. ತಕ್ಷಣ ಸೈಕಲ್ ತಿರುಗಿಸುತ್ತಿದ್ದ. ಗದ್ದ ಹ್ಯಾಂಡಲಿಗೆ ತಾಗುವಷ್ಟು ಬಗ್ಗಿ, ಮುಖ ಕಾಲುವೆಯ ಕಡೆಗೆ ತಿರುಗಿಸಿ, ಗೋಡೆಯ ಮೇಲೆ ನೀರು ಎಷ್ಟು ಇಳಿದಿದೆ ಎಂದು ನೋಡುತ್ತಲೇ ತುಳಿಯುತ್ತಿದ್ದ. ದಾರಿಯನ್ನು ನೋಡುತ್ತಿರಲಿಲ್ಲ. ತೂಬು ಎತ್ತಿದವನು ಓಡುವುದರೊಳಗೆ ಇವನು ಅಲ್ಲಿರುತ್ತಿದ್ದ. ಹೋದವನು ಮಾತಾಡುತ್ತಿರಲಿಲ್ಲ, ಹೊಡೆಯುತ್ತಿದ್ದ. ಒಳ್ಳೆಯವನು ಎಂದು ನಾನು ಬರೆಯುವುದಿಲ್ಲ. ಒಬ್ಬ ಮುದುಕನಿಗೂ ಅವನು ಹೊಡೆದದ್ದನ್ನು ಕಂಡಿದ್ದೇನೆ. ಆದರೆ ಅವನು ಬಂದ ಮೇಲೆ ಕಾಲುವೆಯ ಕೊನೆಯ ನಮ್ಮ ಹೊಲಗಳು ನೀರು ಕಂಡವು.

ಮೇಲುಗಡೆ ಪಂಚಾಕ್ಷರಪ್ಪನ ಗದ್ದೆ. ಈ ಕಾಲುವೆಗೆ ಭತ್ತ ಹಾಕಬಾರದೆಂದು ನಿಯಮವಿತ್ತು, ಅವನು ಹಾಕುತ್ತಿದ್ದ. ಎರಡನೆಯ ವರ್ಷ ಅವನ ಆಳುಗಳು ಅತಾವುಲ್ಲಾನನ್ನು ಹಿಡಿದರು. ಎಡಗೈಯನ್ನು ತೂಬಿನ ಕಲ್ಲಿನ ಮೇಲೆ ಇಡಿಸಿ ಗುದ್ದಲಿಯ ಹಿಂಬದಿಯಿಂದ ಬೆರಳು ಜಜ್ಜಿದರು. ಸೈಕಲನ್ನು ಕಾಲುವೆಗೆ ಎಸೆದರು. ಅವನು ಸೈಕಲ್ ಎತ್ತಿಕೊಂಡು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ತುಳಿದುಕೊಂಡು ನಮ್ಮ ಕಣದವರೆಗೆ ಬಂದ. ನಾನು ಅರಿಶಿನ ಹಚ್ಚಿ ಹಳೆಯ ಸೀರೆಯ ಅಂಚು ಸುತ್ತಿದೆ. ಎರಡು ಬೆರಳಿನ ಎಲುಬು ಹೊರಗೆ ಕಾಣುತ್ತಿತ್ತು.

"ಕೊಟ್ಟೂರಿಗೆ ಹೋಗಿ ಪಂಚರ್ ಹಾಕ್ಕೊಂಡಿರು ತಮ್ಮಾ. ಇಲ್ಲಿದ್ರ ಕೊಲ್ತಾರ."

"ಪಂಚರ್ ಹಾಕಾಕ ನಮ್ಮ ತಮ್ಮ ಅದಾನ್ರಿ ಅಕ್ಕಾರ. ಈ ನೀರಿಗೆ ಯಾರ್ ಅದಾರ?"

"ದೊಡ್ಡ ಭಗೀರಥ ಇವ."

"ಭಗೀರಥಗ ಸೈಕಲ್ ಇದ್ದಿಲ್ರಿ. ಅದಕ್ಕ ಅಷ್ಟು ವರ್ಷ ಹಿಡೀತು."

ನಗುತ್ತಲೇ ನೋವಿಗೆ ಹಲ್ಲು ಕಚ್ಚಿದ. ಮುಂದಿನ ಪಾಳಿಗೆ ಅದೇ ಕಬ್ಬಿಣದ ಕೀಲಿಯಿಂದ ಪಂಚಾಕ್ಷರಪ್ಪನ ಮಗನ ದವಡೆ ಮುರಿದ. ಆ ಹುಡುಗ ಬಹಳ ದಿನ ಗಂಜಿ ಕುಡಿದುಕೊಂಡೇ ಇದ್ದ. ಪಂಚಾಕ್ಷರಪ್ಪ ಪೊಲೀಸರಿಗೆ ಹೇಳಲಿಲ್ಲ. ಹೇಳದೆ ಇದ್ದುದಕ್ಕೇ ನನಗೆ ಭಯವಾಯಿತು.

ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದ ವರ್ಷ ಅದು. ಹಿಂಗಾರಿ ಜೋಳ ಹಾಲುಗಾಳಾಗಿತ್ತು. ಆ ಪಾಳಿ ಬಂದರೆ ಕಾಳು ತುಂಬುತ್ತಿತ್ತು. ತಪ್ಪಿದರೆ ದನಕ್ಕೆ ಮೇವು ಅಷ್ಟೆ. ಮಧ್ಯಾಹ್ನ ಅತಾವುಲ್ಲಾ ನೀರಿನ ಮೂತಿಯನ್ನು ನಮ್ಮ ಹೊಲದಿಂದ ಒಂದು ಕೂಗಿನ ದೂರಕ್ಕೆ ತಂದಿದ್ದ. ನಾನು ಎದುರು ಹೋದೆ. ಪಕ್ಕದ ಹೊಲದ ಮಾರೆಮ್ಮ ಹಿಂದೆ ಬರುತ್ತಿದ್ದಳು. ನಮ್ಮ ಕಣ್ಣೆದುರೇ ಮೂತಿ ಮೆತ್ತಗಾಯಿತು. ಕಸ ತಳ್ಳುತ್ತಿದ್ದ ನೀರು ಕಸದ ಹಿಂದೆಯೇ ನಿಂತಿತು.

"ಮ್ಯಾಲ ದೊಡ್ಡ ತೂಬು ಎತ್ಯಾರ," ಎಂದು ಅವನು ಸೈಕಲ್ ತಿರುಗಿಸಿದ.

"ತಮ್ಮಾ, ತಲಿ ಎತ್ತಿ ದಾರಿ ನೋಡ್ಕೊಂತ ಹೋಗು."

"ದಾರಿ ಎಲ್ಲಿ ಹೋಗ್ತೈತ್ರಿ? ಹೋಗೂದು ನೀರು."

ನಮ್ಮದು ಸಪಾಟು ನೆಲ. ಏರಿಯ ಮೇಲೆ ಹೋಗುವವನು ಬಹಳ ದೂರದವರೆಗೆ ಕಾಣುತ್ತಾನೆ. ಬಿಳಿ ಅಂಗಿ ಸಣ್ಣದಾಗುತ್ತಾ ಹೋಯಿತು. ಎರಡು ಜಾಲಿಮರಗಳ ನಡುವೆ ಹೊಕ್ಕಿತು. ಆಮೇಲೆ ಸೈಕಲ್ ಒಂದೇ ಸ್ವಲ್ಪ ದೂರ ಹೋಗಿ ಬಿದ್ದಿತು.

ನಾನು ಓಡಿದೆ. ಮರದಿಂದ ಮರಕ್ಕೆ ಬೇಲಿಯ ತಂತಿ ಬಿಗಿದಿದ್ದರು. ಅದು ಇನ್ನೂ ಅಲುಗುತ್ತಿತ್ತು, ರಕ್ತ ತೊಟ್ಟಿಕ್ಕುತ್ತಿತ್ತು. ನೆಟ್ಟಗೆ ಕೂತು ತುಳಿಯುವ ಬೇರೆ ಯಾರಿಗಾದರೂ ಅದು ಎದೆಗೆ ಬೀಳುತ್ತಿತ್ತು. ಬಗ್ಗಿ ತುಳಿಯುವವನಿಗೆ ಮಾತ್ರ ಗಂಟಲಿಗೆ ಬೀಳುವ ಎತ್ತರ. ಅವನಿಗೆಂದೇ ಅಳತೆ ಮಾಡಿದ್ದರು. ಅವನನ್ನು ಕರೆಸಲಿಕ್ಕೇ ತೂಬು ಎತ್ತಿದ್ದರು.

ತಂತಿ ಬಿಗಿದವರನ್ನು ನಾನು ನೋಡಿಲ್ಲ. ನೋಡದ್ದನ್ನು ಬರೆಯುವುದಿಲ್ಲ. ಕಟ್ಟಿಸಿದವನು ಪಂಚಾಕ್ಷರಪ್ಪ ಎಂದು ಊರೆಲ್ಲ ಮಾತಾಡಿತು. ಕೋರ್ಟಿನಲ್ಲಿ ಊರಿನ ಒಬ್ಬರೂ ಬಾಯಿ ಬಿಡಲಿಲ್ಲ.

ಕೀಲಿ ಹಿಡಿದು ಮೇಲಕ್ಕೆ ಓಡಿದವಳು ಮಾರೆಮ್ಮ. ಅವಳು ಮುಟ್ಟುವ ಹೊತ್ತಿಗೆ ಗದ್ದೆ ತುಂಬಿ ನಿಂತಿತ್ತು. ಕಾಯುತ್ತಿದ್ದ ಇಬ್ಬರು ಆಳುಗಳು ಅವಳ ಕೂದಲು ಹಿಡಿದು ಎಳೆದಾಡಿದರು. ಅವಳು ಒಬ್ಬನ ಮುಂಗೈ ಮಾಂಸ ಬರುವ ಹಾಗೆ ಕಚ್ಚಿ, ತೂಬು ಇಳಿಸಿಯೇ ಬಂದಳು. ಮುಚ್ಚಂಜೆಗೆ ಉಳಿದಷ್ಟು ನೀರು ಬಂತು. ಅರ್ಧ ಹೊಲ ನೆನೆಯಿತು, ಅರ್ಧ ನೆನೆಯಲಿಲ್ಲ. ಅತಾವುಲ್ಲಾನನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹಗರಿಬೊಮ್ಮನಹಳ್ಳಿಗೆ ಹೊರಟೆವು. ಹೊಳೆಯ ಮರಳು ದಾಟುವಾಗ ಉಸಿರು ನಿಂತಿತು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ.

ಮಾತಾಡಿದ್ದು ಅದಕ್ಕೂ ಮೊದಲು, ಜಾಲಿಮರದ ಕೆಳಗೆ, ಮಾರೆಮ್ಮ ಇನ್ನೂ ನಮ್ಮ ಹತ್ತಿರ ಬಂದಿರಲಿಲ್ಲ. ನಾನು ಸೆರಗು ಹರಿದು ಅವನ ಗಂಟಲಿಗೆ ಒತ್ತಿ ಹಿಡಿದಿದ್ದೆ. ಬಟ್ಟೆಯ ಕೆಳಗಿನಿಂದ ಗಾಳಿ ಗುಳುಗುಳು ಎನ್ನುತ್ತಿತ್ತು. ಅವನ ಕಣ್ಣು ನನ್ನ ಮೇಲೆ ಇರಲಿಲ್ಲ. ಕಾಲುವೆಯಲ್ಲಿ ನೀರು ಇಳಿಯುತ್ತಿರುವುದನ್ನು ನೋಡುತ್ತಿದ್ದ. ಬೆರಳು ಸೊಟ್ಟಗಾದ ಎಡಗೈಯಿಂದ ಬಿದ್ದ ಸೈಕಲ್ ಕಡೆಗೆ ತೋರಿಸಿದ. ಕಿವಿ ಅವನ ಬಾಯಿಗೆ ಹಚ್ಚಿದೆ.

"ಅಕ್ಕಾರ, ನಿಮಗ ಸೈಕಲ್ ತುಳಿಯಾಕ ಬರ್ತೈತೇನ್ರಿ?"