ಹೊಗೆಗೂಡಿಗೆ ತುರುಕಿದ ಚೀಲ

ಇಮ್ಮಡಿಹಳ್ಳಿಯ ಚಿನ್ನಪ್ಪನದು ಊರಲ್ಲಿ ಮತ್ತೊಬ್ಬರಿಗಿಲ್ಲದ ಕಸುಬು. ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್ ಬಂಗಲೆಗಳಲ್ಲಿ ಚಳಿ ಕಾಯಿಸಿಕೊಳ್ಳಲು ಗೋಡೆಯೊಳಗೇ ಒಲೆ ಕಟ್ಟಿಸಿದ್ದರು. ಅವುಗಳ ಹೊಗೆಗೂಡಿನ ಮಸಿ ತೆಗೆಯುವುದು ಅವನ ಕೆಲಸ. ಹಗ್ಗದ ತುದಿಗೆ ಕಲ್ಲು, ಅದರ ಮೇಲೆ ಈಚಲು ಪೊರಕೆಗಳ ಕಂತೆ. ಸೂರಿನ ಮೇಲೆ ನಿಂತು ಇಳಿಬಿಡುವುದು, ಎಳೆಯುವುದು. ಮೈಯೆಲ್ಲ ಮಸಿಯಾಗಿ ಮನೆಗೆ ಬಂದರೆ ಹೆಂಡತಿ ಪಿಳ್ಳಮ್ಮ, "ಹಲ್ಲು ಮಾತ್ರ ಬಂದವೆ, ಮಿಕ್ಕಿದ್ದೆಲ್ಲಾ ಎಲ್ಲಿ ಬಿಟ್ಬಂದೆ?" ಎಂದು ನಗುತ್ತಿದ್ದಳು.

ಬೇಸಿಗೆಯಲ್ಲಿ ಗೊರವಂಕಗಳು ಗೂಡು ಕಟ್ಟದಿರಲೆಂದು ಹೊಗೆಗೂಡಿನ ಬಾಯಿಗೆ ಅವನು ಹುಲ್ಲು ತುಂಬಿದ ಗೋಣಿಚೀಲ ತುರುಕಿಡುತ್ತಿದ್ದ. ದೀಪಾವಳಿಯ ಹೊತ್ತಿಗೆ ಅದನ್ನು ತೆಗೆದು ಮಸಿ ಗುಡಿಸುವುದು ರೂಢಿ. ಎಂಬತ್ತೆರಡನೇ ಇಸವಿಯಲ್ಲಿ ಹಬ್ಬಕ್ಕೆ ಮೊದಲೇ ಅವನ ಕಾಲು ಉಳುಕಿ ಊದಿಕೊಂಡಿತು. ಮಿಕ್ಕ ಮನೆಯವರು ತಡೆದುಕೊಂಡಾರು. ಆದರೆ ಬಂಗಲೆಯೊಂದರಲ್ಲಿದ್ದ ಡೊರೀನ್ ದೊರೆಸಾನಿ ಒಂಟಿ ಮುದುಕಿ, ಚಳಿ ತಾಳುವವರಲ್ಲ. ಅವರ ಮನೆಗೆಲಸದ ಮಾರಕ್ಕನ ಕೈಲಿ ಹೇಳಿಕಳಿಸಿದ: "ಚಿಮ್ನಿ ಕ್ಲೀನಾಗೋಗಂಟ ಬೆಂಕಿ ಹಾಕ್ಬೇಡಿ ಅನ್ನು."

ಚಳಿ ಬಲಿತ ಒಂದು ಸಂಜೆ, ಇನ್ನು ತಡ ಮಾಡಬಾರದೆಂದು ಕುಂಟುತ್ತಲೇ ಹೊರಟ. ದಾರಿಯಲ್ಲಿ ಕೆಲಸ ಮುಗಿಸಿ ಬರುತ್ತಿದ್ದ ಮಾರಕ್ಕ ಎದುರಾದಳು.

"ಕುಂಟ್ಕಂಡು ಎಲ್ಲಿಗಣ್ಣಾ?"

"ದೊರ್ಸಾನಿ ಮನೆಗೆ ಕಣಮ್ಮ, ಚಿಮ್ನಿಗೆ."

"ಅಯ್ಯೋ, ನಿನ್ನ ನೆಚ್ಕಂಡಿದ್ರೆ ಆ ಯಮ್ಮ ಸೆಟ್ಕೊಂಡಿರೋರು. ನಾನೇ ಕ್ಲೀನ್ ಮಾಡಿ, ಆಯ್ತು ಅಂದೆ."

"ಏನು ಕ್ಲೀನ್ ಮಾಡ್ದೆ?"

"ಚಿಮ್ನಿನೇ! ಲಾಟೀನಿಂದು. ಬೂದಿ ಹಾಕಿ ಉಜ್ಜಿವ್ನಿ, ಮುಖ ಕಾಣ್ತದೆ ಬೇಕಾದ್ರೆ ಓಗಿ ನೋಡ್ಕೊ."

ಚಿನ್ನಪ್ಪ ಬಂಗಲೆಯ ದಿಕ್ಕಿಗೆ ನೋಡಿದ. "ಬೆಂಕಿ?"

"ಈಗ ತಾನೇ ಇದ್ದಿಲು ಕೆಂಡ ಮಾಡಿ ಒಲೆಗೆ ಸುರಿದು ಬಂದೆ. ಬಾಗಿಲು ಹಾಕ್ಕಂಡು ಕಂಬ್ಳಿ ಒದ್ಕೊಂಡು ಕುಂತವ್ರೆ."

ಸೌದೆಯಾಗಿದ್ದರೆ ಹೊಗೆ ಕಣ್ಣಿಗೆ ಹೊಡೆದು ಎಬ್ಬಿಸೀತು. ಇದ್ದಿಲಿಗೆ ಹೊಗೆ ಕಾಣುವುದಿಲ್ಲ, ಅದರ ವಿಷಗಾಳಿ ತಿಳಿಯದಂತೆ ತುಂಬಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಮಲಗಿದ ಹಾಗೆಯೇ ಹೋಗಿಬಿಡುತ್ತಾರೆ.

"ಮೇಲೆ ಚೀಲ ಐತೆ ಕಣೇ!" ಎಂದವನೇ ಓಡಿದ. ಉಳುಕಿದ ಕಾಲು ನೆಲಕ್ಕೆ ತಾಗಿದಾಗಲೆಲ್ಲ ಕಣ್ಣು ಕತ್ತಲಿಡುತ್ತಿತ್ತು. ಮುನೇಶ್ವರನ ಕಲ್ಲಿನ ಮುಂದೆ ಕೈ ಮುಗಿಯಲೂ ನಿಲ್ಲಲಿಲ್ಲ. ಬಾಯಲ್ಲಿ ಮಾತ್ರ "ಕಾಪಾಡಪ್ಪ, ಕಾಪಾಡಪ್ಪ" ಎಂಬುದು ತಾನೇ ತಾನಾಗಿ ಬರುತ್ತಿತ್ತು.

ಬಂಗಲೆಯ ಬಾಗಿಲಿಗೆ ಒಳಗಿನಿಂದ ಅಗುಳಿ. ಕಿಟಕಿಗಳಿಗೆ ಕಂಬಿ, ಹಿಂದೆ ಮರದ ಕದ, ಅವಕ್ಕೂ ಚಿಲಕ. ಬಡಿದರೆ ಉತ್ತರವಿಲ್ಲ. ಹಿಂದೆಯೇ ಏದುಸಿರು ಬಿಡುತ್ತ ಬಂದ ಮಾರಕ್ಕನಿಗೆ, "ಬಾಗಿಲು ಬಡೀತಾ ಇರು, ನಿಲ್ಲಿಸ್ಬೇಡ," ಎಂದು ಹೇಳಿ ಹಿತ್ತಲಿನ ಏಣಿ ತಂದು ಸೂರಿಗೆ ಆನಿಸಿದ.

ಹೆಂಚುಗಳು ಕಾಲಡಿ ಕಟಕಟ ಒಡೆದವು. ಚೀಲದ ಬಾಯಿಗೆ ಕಟ್ಟಿದ್ದ ಹಗ್ಗ ಹಿಡಿದು ಎಳೆದ. ಮಳೆಗೆ ಕೊಳೆತಿದ್ದ ಹಗ್ಗ ತುಂಡಾಗಿ ಕೈಗೆ ಬಂತು. ಹೊಗೆಗೂಡಿನೊಳಕ್ಕೆ ತೋಳು ಇಳಿಸಿದ. ಬೆರಳು ಚೀಲಕ್ಕೆ ತಾಗಿತು, ಹಿಡಿತಕ್ಕೆ ಸಿಗಲಿಲ್ಲ. ತಲೆ, ಭುಜವನ್ನೂ ಒಳಗೆ ತೂರಿಸಿದ. ಕೆಳಗಿನ ಕಾವಿಗೆ ಕೆನ್ನೆ ಉರಿಯಿತು. ಉಸಿರು ಬಿಗಿಹಿಡಿದು, ಗೋಣಿಗೆ ಉಗುರು ಕಚ್ಚಿಸಿ ಜಗ್ಗಿದ. ಮಸಿ ಮುಖದ ಮೇಲೆ ಸುರಿಯಿತು. ಚೀಲ ಒಂದಿಷ್ಟೇ ಸರಿಯಿತು, ಮತ್ತೆ ಸಿಕ್ಕಿಕೊಂಡಿತು. ಮತ್ತೊಮ್ಮೆ ಎಳೆದಾಗ ಹುಲ್ಲಿನ ಸಮೇತ ಹೊರಬಿತ್ತು. ಹಿಂದೆಯೇ ಬಿಸಿಗಾಳಿ ಭುಗ್ಗೆಂದು ಎದ್ದಿತು.

"ದೊರ್ಸಾನಮ್ಮಾ!" ಹೊಗೆಗೂಡಿನೊಳಕ್ಕೇ ಕೂಗಿದ. "ಎದ್ದೇಳಿ ತಾಯೀ!"

ಮಾರಕ್ಕ ಬಾಗಿಲು ಬಡಿಯುವ ಸದ್ದು ಮಾತ್ರ. ಮತ್ತೆ ಕೂಗಿದ, ದನಿ ಒಡೆಯುವವರೆಗೂ ಕೂಗಿದ.

ಕೆಳಗೆ ಕುರ್ಚಿ ಉರುಳಿದ ಸದ್ದು. ಆಮೇಲೆ ಒಂದು ಕೆಮ್ಮು. ತುಂಬ ಹೊತ್ತಿನ ಮೇಲೆ ಅಗುಳಿ ಸರಿಯಿತು.

"ಅಣ್ಣಾ! ವಾಂತಿ ಮಾಡ್ಕಂತಾವ್ರೆ, ತಲೆ ಸುತ್ತುತ್ತೆ ಅಂತಾವ್ರೆ!" ಮಾರಕ್ಕ ಅಳುತ್ತಲೇ ಕೂಗಿದಳು.

"ಈಚೆ ಕರ್ಕೊಂಡ್ಬಾ, ಗಾಳಿಗೆ ಕೂರ್ಸು!"

ಜಗುಲಿಯಿಂದ ಮುದುಕಿಯ ಸೋತ ದನಿ ಬಂತು: "ಯಾರು ಮ್ಯಾನ್ ಮೇಲೆ? ಚಿನ್ನಪ್ಪಾ? ನನ್ನ ಹೆಂಚೆಲ್ಲಾ ಒಡೆದು ಹಾಕ್ತಿಯಾ?"

"ಹೂಂ ತಾಯೀ, ಒಡೆದಾಕ್ಬಿಟ್ಟೆ," ಎಂದ ಚಿನ್ನಪ್ಪ. ಬೈಗುಳ ಇಷ್ಟು ಹಿತವೆಂದು ಅವನಿಗೆ ಗೊತ್ತಿರಲಿಲ್ಲ.

ಮಾರಕ್ಕ ಏಣಿಯ ಬುಡಕ್ಕೆ ಬಂದು, "ನನ್ನಿಂದ ಆಯಮ್ಮ..." ಎಂದು ಬಿಕ್ಕಿದಳು.

"ಚೀಲ ತುರುಕ್ದೋನು ನಾನು ಕಣಮ್ಮ. ಓಗು, ಅವ್ರಿಗೆ ನೀರು ಕೊಡು."

ತಾನು ಇಳಿಯಬೇಕೆಂದರೆ ಉಳುಕಿದ ಕಾಲು ಊರಲಾಗಲಿಲ್ಲ. ಮಾರಕ್ಕ ನೀರು ಕೊಟ್ಟು ಬಂದು ಏಣಿ ಹಿಡಿಯುವವರೆಗೂ ಸೂರಿನ ಮೇಲೆಯೇ ಕೂತಿದ್ದ.