ದೇವರ ಜೋಡಿ ಕುಂತ ಸಂಜಿ

ಮೊದಲ ಹೇಳಿಬಿಡ್ತೀನಿ, ದೇವರು ಕಂಡ, ದೇವರು ಮಾತಾಡಿದ ಅನ್ನೋ ಮಂದಿನ್ನ ನಾ ನಂಬಿದಾಕಿ ಅಲ್ಲ. ನಮ್ಮ ಚರ್ಚಿನ ಸಭಾದಾಗ ಸಾಕ್ಷಿ ಹೇಳ್ತೀನಂತ ಎದ್ದು ಯಾರರ ಇಂಥಾದ್ದು ಶುರು ಮಾಡಿದ್ರ ಸೆರಗು ಬಾಯಿಗೆ ಹಿಡಿದು ಆಕಳಸ್ತಿದ್ದೆ. ಹೊಟ್ಟಿ ಬಿರಿಯಂಗ ಉಂಡು ಮಲಗಿದ್ರ ಎಲ್ಲಾರಿಗೂ ಏನರ ಒಂದು ಕಾಣ್ತದ ಅಂತ ನನ್ನ ಮಾತು. ಈಗ ನಾನ ಅಂಥಾದ್ದೊಂದು ಬರಿಯಾಕ ಕುಂತೀನಿ. ಬೇಕಾದ್ರ ನೀವೂ ಆಕಳಸ್ರಿ, ನನಗೇನು ಸಿಟ್ಟಿಲ್ಲ.

ಕಾಲುವಿಗೆ ನೀರು ಬಂದ ಹೊಸತು. ಗೊರೇಬಾಳದ ಆಚೆ, ಆಂಧ್ರದಿಂದ ಬಂದ ರೈತರು ಗುಡಿಸಲು ಹಾಕ್ಕೊಂಡಿದ್ದ ಒಂದು ಕ್ಯಾಂಪಿನಾಗ ಅವರ ತೆಲುಗು ಮಕ್ಕಳಿಗೆ ನಾ ಕನ್ನಡ ಕಲಿಸ್ತಿದ್ದೆ. ನನ್ನ ತವರು ಲಿಂಗಸುಗೂರು. ಗಂಡ ಕಾಲುವಿ ಕೆಲಸದಾಗ ಮೇಸ್ತ್ರಿ. ಮದುವಿಯಾಗಿ ಎರಡನೇ ಮಳೆಗಾಲಕ್ಕ ಅವಗ ಜ್ವರ ಬಂತು. ಬಂಡಿಯಾಗ ಹಾಕ್ಕೊಂಡು ಸಿಂಧನೂರಿನ ದವಾಖಾನಿಗೆ ಒಯ್ಯೂಮುಂದ ದಾರಿಯಾಗ ಜೀವ ಹೋತು. ತವರಿನವರು ಬಂದುಬಿಡು ಅಂದ್ರು. ಹೋಗಲಿಲ್ಲ. ಅಲ್ಲಿ ಹೋದ್ರ ಎಲ್ಲಾರೂ ನನ್ನ ಮುಖ ನೋಡಿ ಅಳ್ತಾರ, ಅದು ನನಗ ಬ್ಯಾಡಾಗಿತ್ತು. ಹಗಲೆಲ್ಲಾ ಹುಡುಗರ ಮ್ಯಾಲೆ ಒದರೂದು, ಸಂಜಿಗೆ ಬಾಗಿಲ ಹಾಕ್ಕೊಂಡು ಗ್ವಾಡಿ ನೋಡ್ಕೋತ ಕುಂದ್ರೂದು. ಇಷ್ಟ ನನ್ನ ಬಾಳೇವು ಆಗಿತ್ತು.

ಕ್ಯಾಂಪಿನ ಅರ್ಧ ಮಂದಿ ನಮ್ಮಂಗ ಕ್ರೈಸ್ತರು. ಮಣ್ಣಿನ ಗ್ವಾಡಿ, ಮ್ಯಾಲೆ ತಗಡು, ಅದ ನಮ್ಮ ಚರ್ಚು. ಅದನ್ನ ಕಸ ಹೊಡೆದು ಸಾರಿಸಾಕಿ ಮರಿಯವ್ವ. ಬಳಗಾನೂರಿನ ಕಡಿಯಾಕಿ, ಕೂಲಿ ಮಾಡಿ ಮಾಡಿ ಮುದುಕಿಯಾದ ಮ್ಯಾಲೆ ದೀಕ್ಷಾಸ್ನಾನ ತಗೊಂಡಾಕಿ. ದಿನಾ ಸಂಜಿಗೆ ಚರ್ಚಿನಾಗ ದೀಪ ಹಚ್ಚಿ, ಎಣ್ಣಿ ತೀರೂತನ ಆಕಿ ಅಲ್ಲೇ ಕುಂದರ್ತಿದ್ಲು. ಪ್ರಾರ್ಥನೆ ಇಲ್ಲ, ಹಾಡಿಲ್ಲ, ಸುಮ್ನ. ಯಾಕಬೇ ಅಂತ ಕೇಳಿದ್ರ, "ದೀಪ ಹಚ್ಚಿ ದೇವರನ್ನ ಒಬ್ಬನ್ನ ಬಿಟ್ಟು ಬರ್ತಾರೇನು? ಬಾಣಂತಿನ್ನ ಒಬ್ಬಾಕಿನ್ನ ಬಿಡಾಂಗಿಲ್ಲ, ಕಣದಾಗ ರಾಶಿನ್ನ ಒಂಟಿ ಬಿಡಾಂಗಿಲ್ಲ. ಅವಗೂ ಬ್ಯಾಸರ ಆಗತದ" ಅಂತಿದ್ಲು.

ಇದು ನನಗ ತಡಕೊಳ್ಳಾಕ ಆಗ್ತಿರಲಿಲ್ಲ. ಸಂಡೇ ಸ್ಕೂಲಿನಾಗ ನಾ ಕಲಿಸೂದ ಬ್ಯಾರೆ. ತಂದೆ, ಮಗ, ಪವಿತ್ರಾತ್ಮ. ಲೋಕ ಹುಟ್ಟೂಕಿಂತ ಮೊದಲೂ ಮೂವರೂ ಒಬ್ಬರಿಗೊಬ್ಬರು ಪ್ರೀತಿ ಮಾಡ್ಕೋತ ಒಂದಾಗಿದ್ರು, ದೇವರಿಗೆ ಯಾರ ಜರೂರತ್ತೂ ಇಲ್ಲ. ಇದನ್ನ ಮರಿಯವ್ವಗ ಎಷ್ಟು ಬಿಡಿಸಿ ಹೇಳಿದ್ರೂ, "ಇರಲಿ ಬಿಡ ಟೀಚರವ್ವ, ಮನಿಯಾಗ ಮೂರು ಮಂದಿ ಇದ್ರೂ ಬಂದವರಿಗೆ ಕುಂದ್ರು ಅಂತಾರಲ್ಲ" ಅನ್ನಾಕಿ. ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು ಅಂತ ಸುಮ್ಮನಾಗ್ತಿದ್ದೆ.

ಅವತ್ತ ನೀರಿನ ಪಾಳಿ ಬಂದಿತ್ತು. ನೀರು ಬಿಟ್ಟಾಗ ಗದ್ದಿಗೆ ಕಟ್ಟಿಕೊಳ್ಳಬೇಕು, ಇಲ್ಲಂದ್ರ ಮುಂದಿನ ಪಾಳಿತನ ಕಾಯಬೇಕು. ಹಂಗಾಗಿ ಗಂಡಸರು ಹೆಂಗಸರು ಅನ್ನದ ಇಡೀ ಕ್ಯಾಂಪು ಸಲಿಕಿ ಹಿಡಕೊಂಡು ಹೊಲಕ್ಕ ಹೋಗಿತ್ತು. ನಾ ಮನಿ ಕಸ ಹೊಡೆದೆ, ಪಾತ್ರಿ ತೊಳೆದು ಬೋರಲು ಹಾಕಿದೆ, ಕಾಲುವಿ ಕಡೆ ಹೊಂಟೆ. ವಾಪಸ್ ಬರೋ ಮನಸಿನಿಂದ ಹೊಂಟಾಕಿ ಅಲ್ಲ. ಅಷ್ಟು ಹೇಳಿದ್ರ ಸಾಕು.

ಮರಿಯವ್ವನ ಗುಡಿಸಲು ದಾಟಿ ಹೋಗಬೇಕು. ಆಕಿ ಕಾಲು ಉಳುಕಿ ಹೊರಸಿನ ಮ್ಯಾಲೆ ಬಿದ್ದಿದ್ಲು. "ಟೀಚರವ್ವ, ಬರೋಬರಿ ಬಂದಿ ನೋಡು. ಕುಂಟಿಕೋತ ಹೋಗಿ ದೀಪ ಹಚ್ಚಿ ಬಂದೀನಿ, ಕೆಳಗ ಕುಂದ್ರಾಕ ಆಗವಲ್ದು. ಅವ ಒಬ್ಬನ ಆಗ್ಯಾನ. ನನ್ನ ಬದಲಿ ನೀ ಜರಾ ಹೊತ್ತು ಕುಂತು ಬಾರವ್ವ."

ಪುರಸೊತ್ತಿಲ್ಲ ಅಂದೆ.

"ಹೋಗೋ ಜಾಗ ಎಲ್ಲಿ ಓಡಿಹೋಗತದ? ಕುಂತು ಹೋಗು" ಅಂದ್ಲು.

ಸಿಟ್ಟಿಲೇ ಚರ್ಚಿನೊಳಗ ಹೋದೆ. ಹೊರಗ ಇನ್ನೂ ಬೆಳಕಿತ್ತು. ಮೇಜಿನ ಮ್ಯಾಲೆ ದೀಪ, ಸಾರಿಸಿದ ನೆಲ, ಯಾರೂ ಇಲ್ಲ. ಹಾಸಿದ ಗೋಣಿತಟ್ಟಿನ ಮ್ಯಾಲೆ ಕುಂತು ಗಟ್ಟಿಯಾಗೆ ಅಂದೆ, "ನಿನಗೇನು ಬ್ಯಾಸರ? ನೀವು ಮೂವರಿದ್ದೀರಿ. ನಾ ಒಬ್ಬಾಕಿ." ಗಂಡ ಸತ್ತ ಮ್ಯಾಲೆ ನಾ ಮಾಡಿದ ಮೊದಲನೇ ಪ್ರಾರ್ಥನೆ ಅದು. ಮುದುಕಿ ಮಾತು ನಡೆಸಿದಂಗಾತು ಅಂತ ಎದ್ದು, ಚಪ್ಪಲಿ ಮೆಟ್ಟಾಕ ಹೊಸ್ತಿಲಿಗೆ ಬಂದೆ.

ಆವಾಗ ಹಿಂದಿನಿಂದ ಒಂದು ದನಿ ಕೇಳಿತು. "ಇನ್ನೊಂದೀಟು ಕುಂದ್ರಬಾರದೇನು?"

ಗಂಡಸಿಂದೋ ಹೆಂಗಸಿಂದೋ ಹೇಳಾಕ ಬರಾಂಗಿಲ್ಲ. ನನ್ನ ಗಂಡಂದಂತೂ ಅಲ್ಲ, ಅವನ ದನಿ ನಿದ್ದಿಯಾಗೂ ಗುರುತು ಹಿಡಿತೀನಿ. ಹುಕುಂ ಇರಲಿಲ್ಲ ಅದರಾಗ. ಪರ ಊರಾಗ ಕತ್ತಲಾದವರು, ನಿಮ್ಮ ಕಟ್ಟಿ ಮ್ಯಾಲೆ ಮಲಗ್ಲೇನ್ರಿ ಅಂತ ಕೇಳ್ತಾರಲ್ಲ, ಹಂಗ ಅಂಜಿ ಅಂಜಿ ಕೇಳಿದ್ದು. ತಿರುಗಿ ನೋಡಿದೆ. ಯಾರೂ ಇಲ್ಲ. ಇರೂದು ಒಂದ ಬಾಗಿಲು, ಅದರಾಗ ನಾನ ನಿಂತೀನಿ. ಅಂಜಿಕಿ ಬರಬೇಕಾಗಿತ್ತು, ಬರಲಿಲ್ಲ. ಪಾಪ ಅನಿಸಿತು. ಯಾರಿಗೆ ಪಾಪ ಅಂದಿ ಅಂತ ಕೇಳಬ್ಯಾಡ್ರಿ. ಅಷ್ಟು ಕೇಳಿಕೊಂಡವರನ್ನ ಬಿಟ್ಟು ಹೆಂಗ ಹೋಗೂದು? ವಾಪಸ್ ಬಂದು ಕುಂತೆ.

ಕುಂತ ಮ್ಯಾಲೆ ಅಳು ಬಂತು. ಗಂಡನ್ನ ಮಣ್ಣು ಮಾಡೋ ದಿನಾನೂ ಬರದ ಅಳು. ಬಗಲಾಗ ಯಾರೋ ಅದಾರ ಅಂತ ಗೊತ್ತಾಗ್ತಿತ್ತು. ಅಳಬ್ಯಾಡ ಅನಲಿಲ್ಲ, ಸಮಾಧಾನ ಹೇಳಲಿಲ್ಲ, ಸುಮ್ನ ಜೋಡಿ ಇದ್ರು. ಎಣ್ಣಿ ತೀರಿ ದೀಪ ಆರಿದ್ದೂ ತಿಳೀಲಿಲ್ಲ. ಹೊಲದಿಂದ ಬಂದ ಹೆಂಗಸರು ಕಂದೀಲು ಎತ್ತಿ, "ಅಮ್ಮಗಾರೂ, ಕತ್ತಲಾಗ ಏನು ಮಾಡಾಕತ್ತೀರಿ?" ಅಂದಾಗ ಎದ್ದೆ. ಕಾಲುವಿ ನೆನಪ ಇರಲಿಲ್ಲ. ಮನಿಗೆ ಹೋಗಿ ಬೋರಲು ಹಾಕಿದ ಪಾತ್ರಿ ಎತ್ತಿ ಅನ್ನಕ್ಕ ಇಟ್ಟೆ.

ಮರುದಿನ ಮರಿಯವ್ವಗ ಹೇಳಿದೆ. ಆಕಿ ಕಾಲು ನೀವಿಕೋತ, "ನಿನಗೂ ಅಂದ್ನೇನು? ನನಗ ದಿನಾ ಅಂತಾನ. ಇಲ್ಲಂದ್ರ ನನಗೇನು ಮನಿಯಾಗ ಕೆಲಸಿಲ್ಲೇನು?" ಅಂದ್ಲು. ಜ್ವಾಳದ ರೊಟ್ಟಿ ಸುದ್ದಿ ಹೇಳಿದಂಗ ಹೇಳಿದ್ಲು.

ಮಸ್ಕಿಯಿಂದ ಐತವಾರಕ್ಕೊಮ್ಮೆ ಬಸ್ಸಿಗೆ ಬರೋ ಪಾಸ್ಟರನ್ನ ಕೇಳಿದೆ. ಅವರು ಓದಿಕೊಂಡವರು. "ದೇವರಿಗೆ ಒಂಟಿತನ ಇಲ್ಲಮ್ಮ. ಯೇಸುಸ್ವಾಮಿ ಮನುಷ್ಯನಾಗಿ ಬಂದಾಗ ಮಾತ್ರ ಅದನ್ನೂ ಉಂಡ. ಶಿಷ್ಯನೊಬ್ಬ ತನ್ನನ್ನ ವೈರಿಗಳಿಗೆ ಹಿಡಿದುಕೊಟ್ಟ ರಾತ್ರಿ ತೋಟದಾಗ, ನನ್ನ ಜೋಡಿ ಎಚ್ಚರಿರ್ರಿ ಅಂತ ಶಿಷ್ಯರನ್ನ ಕೇಳಿಕೊಂಡ, ಅವರು ನಿದ್ದಿ ಹೋದ್ರು" ಅಂದ್ರು. "ಹಂಗಂದ್ರ ಆ ಕೇಳಿಕಿ ಇನ್ನೂ ಹಂಗ ಉಳದದೇನ್ರಿ?" ಅಂದೆ. ಅವರು ಕನ್ನಡಕ ತೆಗೆದು ಒರಸಿಕೊಂಡ್ರು.

ಈಗ ಮರಿಯವ್ವ ಇಲ್ಲ. ನಾ ಅವತ್ತ ಎಲ್ಲಿಗೆ ಹೊಂಟಿದ್ದೆ ಅನ್ನೂದು ಆಕಿಗೆ ಗೊತ್ತಿತ್ತೋ ಏನೋ, ಕೇಳಾಕ ಧೈರ್ಯ ಬರಲಿಲ್ಲ. ದೇವರದೂ ಹಂಗ. ಸಾಯಬ್ಯಾಡ ಅಂದಿದ್ರ ನಾ ಕೇಳ್ತಿರಲಿಲ್ಲ, ನನ್ನ ಹಟ ನನಗ ಗೊತ್ತದ. ಅದಕ್ಕ ತನಗ ಬ್ಯಾಸರ ಅನ್ನಂಗ ಕರೆದನೋ, ಅವಗ ಖರೇನ ಬ್ಯಾಸರ ಆಗಿತ್ತೋ, ಇಲ್ಲಾ ಒಡದ ಮನಸಿನಾಕಿಗೆ ಕೇಳಿದ್ದ ದನಿಯೋ, ಇವತ್ತಿಗೂ ಬಗಿಹರಿದಿಲ್ಲ. ಯಾವುದಾದ್ರೂ ಇರಲಿ, ಆಮ್ಯಾಲೆ ಉಂಡ ಒಂದೊಂದು ತುತ್ತೂ ಆ ಒಂದು ಮಾತಿನಿಂದ ಉಂಡದ್ದು.

ಆ ದನಿ ಮತ್ತ ಒಮ್ಮೆನೂ ಕೇಳಿಲ್ಲ. ಆದ್ರೂ ಸಂಜಿಗೆ ದೀಪ ಹಚ್ಚಿ, ಕುಂತು, ಎದ್ದು ಹೊಸ್ತಿಲತನ ಬಂದಾಕಿ, ತಿರುಗಿ ಹೋಗಿ ಇನ್ನೊಂದೀಟು ಕುಂದರ್ತೀನಿ.