ಮುದ್ರೆ ಒಡೆದ ಶಿರಸ್ತೇದಾರರು

ಮೊನ್ನೆ ಮಂಡ್ಯದ ಅಂಚೆ ಕಚೇರಿಯಲ್ಲಿ ಯಾರೋ ಪಾರ್ಸೆಲಿಗೆ ಅರಗು ಹಚ್ಚುತ್ತಿದ್ದರು. ಕರಗಿದ ಅರಗಿನ ವಾಸನೆ ಮೂಗಿಗೆ ಬಡಿದದ್ದೇ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಮದ್ದೂರಿನ ತಾಲ್ಲೂಕು ಕಚೇರಿ, ನಮ್ಮ ಶಿರಸ್ತೇದಾರರು...

ಆಗ ಯುದ್ಧದ ಕಾಲ. ನಾನು ಅಲ್ಲಿ ಟಪಾಲು ಗುಮಾಸ್ತ. ನನ್ನ ರಿಜಿಸ್ಟರಿನಲ್ಲಿ ಒಂದು ಗೀಟು ಸೊಟ್ಟಗಾದರೂ ಇಡೀ ಪುಟ ಮತ್ತೆ ಬರೆಸುವ ಮನುಷ್ಯ ಅವರು. ನನಗೂ ಅವರಿಗೂ ಅಷ್ಟಕ್ಕಷ್ಟೆ.

ನಮ್ಮ ತಾಲ್ಲೂಕಿನ ಒಬ್ಬ ಹೆಂಗಸಿಗೆ ಆಲೆಮನೆಯಿತ್ತು. ಆಕೆಯ ಕಬ್ಬಿನ ಗದ್ದೆ ಮಾತ್ರ ಮಳವಳ್ಳಿ ತಾಲ್ಲೂಕಿನೊಳಗೆ. ಆಕೆಯ ಬೆಲ್ಲದ ತೆರಿಗೆಯ ತಕರಾರು ವಿಚಾರಿಸುವ ಅಧಿಕಾರ ತಮ್ಮದೆಂದು ಎರಡೂ ತಾಲ್ಲೂಕಿನ ಅಮಲ್ದಾರರು ನೋಟೀಸು ಕೊಟ್ಟಿದ್ದರು. ಆಕೆ ಮದ್ದೂರಿಗೆ ಬಂದಳು, ಮಳವಳ್ಳಿಗೆ ಹೋಗಲಿಲ್ಲ. ಹಾಜರಾಗಲಿಲ್ಲವೆಂದು ಮಳವಳ್ಳಿಯವರು ಗದ್ದೆಯಲ್ಲಿದ್ದ ಗಾಡಿ, ಎತ್ತು ಎರಡನ್ನೂ ಜಪ್ತಿ ಮಾಡಿ ಹರಾಜಿಗಿಟ್ಟರು.

ಹರಾಜಿನ ದಿನ ಬೆಳಿಗ್ಗೆ ಆಕೆ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಳು.

"ಎಲ್ಡು ಕಚೇರಿಗೂ ಒಬ್ಳೇ ಎಂಗ್ ಓಗ್ಲಿ ಸ್ವಾಮಿ? ಮದ್ಯಾನ್ಕೆ ನನ್ನೆತ್ತು ಮಾರ್ತಾರಂತೆ."

ಅಂದಿನ ಟಪಾಲಿನಲ್ಲೇ ಮಂಡ್ಯದ ದೊಡ್ಡ ಕಚೇರಿಯ ಲಕೋಟೆ ಬಂದಿತ್ತು. ಯಾವ ತಕರಾರು ಯಾವ ಅಮಲ್ದಾರರಿಗೆ ಎಂದು ಹಂಚಿದ ಹುಕುಂ ಅದೇ ಎಂದು ಮಂಡ್ಯದ ಗುಮಾಸ್ತರ ಬಾಯಿಂದ ನಮಗೆಲ್ಲ ಗೊತ್ತಿತ್ತು. ಮಳವಳ್ಳಿಗೆ ಅದರ ಪ್ರತಿ ತಲುಪುವುದು ಮರುದಿನವೇ. ನಮ್ಮ ಅಮಲ್ದಾರರೋ ಕೊಕ್ಕರೆ ಬೆಳ್ಳೂರಿನ ಕಡೆ ಕ್ಯಾಂಪು. ಅರಗಿನ ಮುದ್ರೆಯ ಲಕೋಟೆಯನ್ನು ಅವರೇ ಒಡೆಯಬೇಕು. ಅವರು ಒಡೆಯುವ ತನಕ ಅದು ನಮ್ಮ ಕಚೇರಿಗೆ ಬಂದ ಲೆಕ್ಕವೇ ಇಲ್ಲ. ಇಂಥ ಪದ್ಧತಿ ಮಾಡಿದವರ ತಲೆಯನ್ನು ಮೆಚ್ಚಬೇಕು.

ಮಳವಳ್ಳಿಯ ಬಸ್ಸು ಹೊರಡುವ ಹೊತ್ತು. ತಡೆಯಲಾರದೆ ಚಾಕು ತೆಗೆದೆ. ಶಿರಸ್ತೇದಾರರು ನನ್ನ ಕೈ ಹಿಡಿದರು.

"ಇಲ್ಲಿ ಕೊಡಯ್ಯ. ನಿನಗಿನ್ನೂ ಬೇಕಾದಷ್ಟು ಸರ್ವೀಸಿದೆ."

ತಾವೇ ಮುದ್ರೆ ಒಡೆದರು. ಆಲೆಮನೆ ಎಲ್ಲಿದೆಯೋ ಅಲ್ಲಿನ ಅಮಲ್ದಾರರೇ ವಿಚಾರಿಸತಕ್ಕದ್ದು ಎಂದಿತ್ತು ಹುಕುಂ. ನಕಲು ಬರೆದುಕೊಂಡು, ಆಕೆಯನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಅದು. ದಾರಿಯಲ್ಲಿ ಎಲ್ಲಿ ನಿಂತುಹೋಯಿತೋ ಎಂದು ಮತ್ತೆ ಮತ್ತೆ ರಸ್ತೆಗೆ ಹೋಗಿ ನೋಡಿ ಬಂದೆ. ಸಂಜೆ ಬಂದವರು, "ಹರಾಜು ನಿಂತಿತು" ಎಂದಷ್ಟೇ ಹೇಳಿ ನಶ್ಯ ಏರಿಸಿದರು.

ಎರಡು ದಿನ ಬಿಟ್ಟು ಅಮಲ್ದಾರರು ಬಂದರು. ಒಡೆದ ಲಕೋಟೆ ಹಿಡಿದು ನನ್ನನ್ನೇ ಮೊದಲು ಕೇಳಿದರು: "ಇದನ್ನು ಒಡೆದಾಗ ನೀನಿದ್ದೆಯಾ?"

"ಇಲ್ಲ ಸ್ವಾಮಿ... ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ."

ಶಿರಸ್ತೇದಾರರು ಪಕ್ಕದಲ್ಲೇ ನಿಂತಿದ್ದರು. ನನ್ನ ಕಡೆ ನೋಡಲೂ ಇಲ್ಲ. "ಹೌದು, ಅವನಿರಲಿಲ್ಲ" ಎಂದರು.

ಅವರನ್ನು ಗುಮಾಸ್ತರ ದರ್ಜೆಗಿಳಿಸಿ ದೂರದ ಊರಿಗೆ ಹಾಕಿದರು. ಆ ಹೆಂಗಸು ಮುಂದಿನ ಸುಗ್ಗಿಗೆ ಬೆಲ್ಲದಚ್ಚು ತಂದು, "ಆ ಸ್ವಾಮ್ಯೋರು ಎಲ್ಲವ್ರೆ?" ಎಂದು ಕೇಳಿದಳು. ವರ್ಗವಾಯಿತು ಎಂದೆ. ಅವರಿಗೆ ಒಂದು ಕಾಗದ ಬರೆಯಬೇಕೆಂದುಕೊಂಡೆ, ನಾಚಿಕೆಯಲ್ಲಿ ವರ್ಷಗಳೇ ಕಳೆದವು. ಆಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

"ಏನಾಗಬೇಕಿತ್ತು ಸಾರ್?" ಅಂಚೆಯವನು ಎರಡನೇ ಸಲ ಕೇಳುತ್ತಿದ್ದ. ನಾನು ಬಂದದ್ದು ಪೆನ್ಷನ್ನಿನ ಕಾಗದ ಕಳಿಸಲು. ಅವರು ಹೇಳಿದಂತೆ ನನ್ನ ಸರ್ವೀಸು ಪೂರ್ತಿಯಾಗಿ, ಒಂದು ಕಪ್ಪುಚುಕ್ಕೆಯಿಲ್ಲದೆ ಮುಗಿಯಿತು. ನಾನೂ ಅಲ್ಲಿದ್ದೆ ಎಂದು ಹೇಳಿಕೊಳ್ಳೋಣವೆಂದರೆ, ಕೇಳಬೇಕಾದವರು ಯಾರೂ ಉಳಿದಿಲ್ಲ.